ಒಂದು ಎರಡಾಗುವ ಎರಡು ಬಗೆ



ವಾರ್ಡಿನ ಮನೆಭೇಟಿಗೆ ಹೊರಟ ಗುರುಗಳಿಗೆ ಎದುರಾಗುವ ಪ್ರಶ್ನೆಗಳು ಹೆಚ್ಚಾಗಿ ಗೊತ್ತಿರುವಂಥವೇ. ಹಬ್ಬದ ಬಲಿಪೂಜೆ ಎಷ್ಟು ಗಂಟೆಗೆ, ಮದುವೆಯ ಪ್ರಕಟಣೆ ಯಾವ ಭಾನುವಾರದಿಂದ, ಸ್ಮಶಾನದ ಗೋಡೆ ಯಾವಾಗ ಮುಗಿಯುತ್ತದೆ. ಕಳೆದ ಮಳೆಗಾಲದಲ್ಲಿ ತೋಟದ ನಡುವಿನ ಒಂದು ಮನೆಯಲ್ಲಿ ಮಾತ್ರ ಒಂದೇ ಸಂಜೆ ನನಗೆ ಎರಡು ಹೊಸ ಪ್ರಶ್ನೆಗಳು ಎದುರಾದವು. ಎರಡಕ್ಕೂ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ ಕೇಳಿದವಳು ಆ ಮನೆಯ ಪ್ಲಸ್ ವನ್ ಓದುವ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಈಗ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿ. ಗಡಿನಾಡಿನ ನಮ್ಮ ಮಕ್ಕಳ ಈ ಕಷ್ಟ ನಿಮಗೆಲ್ಲ ಗೊತ್ತಿದ್ದದ್ದೇ. ಅವಳು ಪುಸ್ತಕ ಹಿಡಿದುಕೊಂಡು ಬಂದು, “ಫಾದರ್, ಮೈಟಾಸಿಸ್‌ಗೂ ಮಿಯಾಸಿಸ್‌ಗೂ ಎಂತ ವ್ಯತ್ಯಾಸ? ಪರೀಕ್ಷೆಗೆ ಬರ್ತದೆ. ಬಾಯಿಪಾಠ ಮಾಡಿದ್ದೇನೆ, ಆದ್ರೆ ಅರ್ಥ ಆಗ್ಲಿಲ್ಲ” ಎಂದಳು. ಗುರುಮಠ ಸೇರುವ ಮೊದಲು ನಾನೂ ವಿಜ್ಞಾನ ಓದಿದವನೇ. ಈರುಳ್ಳಿ ಬೇರಿನ ತುದಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ ನೆನಪು ಇತ್ತು, ಪಾಠ ಮರೆತಿತ್ತು. “ಮುಂದಿನ ಸಲ ಹೇಳ್ತೇನೆ” ಎಂದು ಜಾರಿಕೊಂಡೆ.

ಎರಡನೆಯ ಪ್ರಶ್ನೆ ಕೇಳಿದವರು ಆ ಹುಡುಗಿಯ ಅತ್ತಿಗೆ. ವಯಸ್ಸು ಇಪ್ಪತ್ತಾರು. ಸೊಂಟದಲ್ಲಿ ಎಂಟು ತಿಂಗಳ ಗಂಡುಮಗು. ನನ್ನ ಕೈಯಿಂದಲೇ ಜ್ಞಾನಸ್ನಾನ ಪಡೆದ ಮಗು. ಗೇಟಿನವರೆಗೆ ಬಂದು, ಯಾರೂ ಹತ್ತಿರವಿಲ್ಲವೆಂದು ನೋಡಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು: “ಫಾದರ್, ನಾನು ಎಂತ ಪಾಪ ಮಾಡಿದ್ದೆ?” ಮಗುವಿಗೆ ಡೌನ್ ಸಿಂಡ್ರೋಮ್ ಇದೆ ಎಂದು ವೈದ್ಯರು ಹೇಳಿದ್ದರಂತೆ. ಅಂದಿನಿಂದ ಆ ತಾಯಿ ತಮ್ಮ ಬಸುರಿನ ಒಂಬತ್ತು ತಿಂಗಳನ್ನೂ ದಿನದಿನವಾಗಿ ತಿರುವಿ ನೋಡುತ್ತಿದ್ದರು. ಗ್ರಹಣದ ದಿನ ಮೀನು ಕೊಯ್ದದ್ದು, ಜ್ವರಕ್ಕೆ ಮಾತ್ರೆ ನುಂಗಿದ್ದು, ಗಂಡನೊಡನೆ ಜಗಳವಾದದ್ದು, ಒಂದು ಭಾನುವಾರ ಪೂಜೆ ತಪ್ಪಿದ್ದು. ನೆರೆಯವರೊಬ್ಬರು ಎಂಡೋಸಲ್ಫಾನ್ ಹೆಸರು ಎತ್ತಿದ್ದರು. ಅತ್ತೆಯವರು ಒಂದೇ ಮಾತು ಆಡಿದ್ದರು: “ನಮ್ಮ ಕಡೆಯಲ್ಲಿ ಇಂಥದ್ದು ಯಾರಿಗೂ ಇರಲಿಲ್ಲ.” ಆ ಮಾತಿನ ನಂತರ ಆ ತಾಯಿ ಇಗರ್ಜಿಯಲ್ಲಿ ಕೊನೆಯ ಬೆಂಚಿಗೆ ಸರಿದಿದ್ದರು. ಪಾಲನೆಯ ಹೊಣೆ ಹೊತ್ತ ನಾನು ಅದನ್ನು ಗಮನಿಸಿಯೂ ಇರಲಿಲ್ಲ.

ಆ ರಾತ್ರಿ ನನಗೆ ಹೊಳೆಯಿತು: ಹುಡುಗಿಯ ಪ್ರಶ್ನೆಯೂ ಅತ್ತಿಗೆಯ ಪ್ರಶ್ನೆಯೂ ಬೇರೆ ಬೇರೆಯಲ್ಲ. ಒಂದಕ್ಕೆ ಸರಿಯಾದ ಉತ್ತರ ಸಿಕ್ಕರೆ ಇನ್ನೊಂದಕ್ಕೂ ಸಿಗುತ್ತದೆ. ಹುಡುಗಿಯ ಪುಸ್ತಕ ತರಿಸಿಕೊಂಡೆ. ವೈದ್ಯೆಯಾಗಿರುವ ಒಬ್ಬ ಸಿಸ್ಟರ್ ಬಳಿ ಕುಳಿತು ಮತ್ತೆ ಪಾಠ ಹೇಳಿಸಿಕೊಂಡೆ. ಕಲಿತದ್ದನ್ನು ನಿಮ್ಮೊಂದಿಗೂ ಹಂಚಿಕೊಳ್ಳುತ್ತೇನೆ.

ನಲವತ್ತಾರು ಪುಸ್ತಕಗಳು

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಬಹುಮಟ್ಟಿಗೆ ಪ್ರತಿಯೊಂದು ಕೋಶದ ಒಳಗೂ ಒಂದು ಕೇಂದ್ರವಿದೆ. ಅದರೊಳಗೆ ನೂಲಿನಂಥ ವರ್ಣತಂತುಗಳಿವೆ. ಕ್ರೋಮೋಸೋಮ್ ಎಂದು ಮಕ್ಕಳು ಓದುವುದು ಇವನ್ನೇ. ಮನುಷ್ಯರಲ್ಲಿ ಇವುಗಳ ಸಂಖ್ಯೆ 46. ಈ ಲೆಕ್ಕ ಸರಿಯಾಗಿ ಗೊತ್ತಾದದ್ದು 1956ರಲ್ಲಿ, ಜಾವಾದಲ್ಲಿ ಹುಟ್ಟಿದ ಜೋ ಹಿನ್ ಜಿಯೋ ಮತ್ತು ಸ್ವೀಡನಿನ ಆಲ್ಬರ್ಟ್ ಲೆವಾನ್ ಪ್ರಕಟಿಸಿದ ಲೇಖನದಿಂದ. ಅದಕ್ಕೆ ಮೊದಲು ಮೂರು ದಶಕಗಳಿಗೂ ಹೆಚ್ಚು ಕಾಲ ವಿದ್ವಾಂಸರೆಲ್ಲ 48 ಎಂದೇ ನಂಬಿದ್ದರು.

ಇವನ್ನು 46 ಪುಸ್ತಕಗಳೆಂದು ಭಾವಿಸಿ. 23 ತಂದೆಯಿಂದ ಬಂದವು, 23 ತಾಯಿಯಿಂದ ಬಂದವು. ತಂದೆಯ ಒಂದನೆಯ ಸಂಪುಟಕ್ಕೆ ತಾಯಿಯ ಒಂದನೆಯ ಸಂಪುಟ ಜೋಡಿ, ಎರಡನೆಯದಕ್ಕೆ ಎರಡನೆಯದು. ಹೀಗೆ 23 ಜೋಡಿ. ಕಣ್ಣಿನ ಬಣ್ಣ, ರಕ್ತದ ಗುಂಪು, ಎಲುಬಿನ ಅಳತೆ ಮುಂತಾದ ಎಷ್ಟೋ ವಿಷಯಗಳ ಬರಹ ಈ ಪುಸ್ತಕಗಳಲ್ಲಿದೆ.

ಈಗ ಒಂದು ಕೋಶ ಎರಡಾಗಬೇಕು. ಪುಸ್ತಕಗಳನ್ನು ಹೇಗೆ ಹಂಚುವುದು? ಸೃಷ್ಟಿಕರ್ತರು ಇದಕ್ಕೆ ಎರಡು ಬಗೆಗಳನ್ನು ಇಟ್ಟಿದ್ದಾರೆ.

ಮೊದಲನೆಯದು ಮೈಟಾಸಿಸ್, ಅಂದರೆ ಸಮವಿಭಜನೆ. ವಿಭಜನೆಗೆ ಮುಂಚೆ ಕೋಶವು 46 ಪುಸ್ತಕಗಳಿಗೂ ಒಂದೊಂದು ನಕಲು ಮಾಡಿಕೊಳ್ಳುತ್ತದೆ. ಮೂಲ ಮತ್ತು ನಕಲು, ಗುಂಡುಪಿನ್ನು ಚುಚ್ಚಿದ ಎರಡು ಹಾಳೆಗಳಂತೆ, ಒಂದು ಕಡೆ ಅಂಟಿಕೊಂಡಿರುತ್ತವೆ. ನಂತರ ಅವೆಲ್ಲ ಕೋಶದ ನಡುವೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಎರಡು ತುದಿಗಳಿಂದ ಸೂಕ್ಷ್ಮವಾದ ಎಳೆಗಳು ಬಂದು ಮೂಲವನ್ನು ಒಂದು ಕಡೆಗೆ, ನಕಲನ್ನು ಇನ್ನೊಂದು ಕಡೆಗೆ ಎಳೆಯುತ್ತವೆ. ಕೋಶ ನಡುವೆ ಕಿರಿದಾಗುತ್ತಾ ಬಂದು ಎರಡು ಕೋಶಗಳಾಗುತ್ತವೆ. ಎರಡರಲ್ಲೂ 46, ಎರಡರಲ್ಲೂ ಅದೇ ಬರಹ. ಜರ್ಮನಿಯ ವಾಲ್ಟರ್ ಫ್ಲೆಮ್ಮಿಂಗ್ ಇದನ್ನು ಸಾಲಮಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಕೋಶಗಳಲ್ಲಿ ನೋಡಿ, 1882ರಲ್ಲಿ ಗ್ರೀಕಿನ ‘ನೂಲು’ ಎಂಬ ಪದದಿಂದ ಹೆಸರು ಕೊಟ್ಟರು.

ಮಗು ಬೆಳೆಯುವುದು, ಕತ್ತಿ ತಾಗಿದ ಬೆರಳು ಮಾಯುವುದು, ಮುರಿದ ಎಲುಬು ಕೂಡುವುದು ಎಲ್ಲವೂ ಇದರಿಂದಲೇ. ದೊಡ್ಡವರ ಎಲುಬಿನ ಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ತಯಾರಾಗುತ್ತವೆ. ಅವುಗಳ ಹಿಂದಿನ ಕೋಶಗಳು ಹೀಗೆ ಒಡೆದೇ ಹೆಚ್ಚುವುದು. ಮೈಟಾಸಿಸ್ಸಿನ ಗುಣವನ್ನು ಒಂದು ಪದದಲ್ಲಿ ಹೇಳುವುದಾದರೆ ನಿಷ್ಠೆ. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಮುಂದಕ್ಕೆ ದಾಟಿಸುತ್ತದೆ.

ಎರಡನೆಯ ಬಗೆ ಮಿಯಾಸಿಸ್, ಅಂದರೆ ಅರೆವಿಭಜನೆ. ಗ್ರೀಕಿನಲ್ಲಿ ‘ಕಡಿಮೆಯಾಗುವುದು’ ಎಂದು ಅರ್ಥ. ಇದು ನಡೆಯುವುದು ತಾಯಿಯ ಅಂಡಾಶಯ ಮತ್ತು ತಂದೆಯ ವೃಷಣಗಳಲ್ಲಿ ಮಾತ್ರ. ಇದು ಏಕೆ ಬೇಕು? ಯೋಚಿಸಿ ನೋಡಿ. ತಂದೆಯ 46, ತಾಯಿಯ 46 ಹಾಗೆಯೇ ಕೂಡಿದರೆ ಮಗುವಿಗೆ 92, ಮೊಮ್ಮಗುವಿಗೆ 184. ಹಾಗಾಗಬಾರದು ಎಂದರೆ ಇಬ್ಬರೂ ತಮ್ಮದರಲ್ಲಿ ಅರ್ಧವನ್ನು ಬಿಟ್ಟುಕೊಡಬೇಕು.

ಇಲ್ಲಿ ನಕಲು ತೆಗೆಯುವುದು ಒಂದೇ ಸಲ, ಒಡೆಯುವುದು ಎರಡು ಸಲ. ಮೊದಲು ಜೋಡಿ ಸಂಪುಟಗಳು ಹತ್ತಿರ ಬರುತ್ತವೆ. ನನ್ನ ಅಪ್ಪನಿಂದ ಬಂದ ಒಂದನೆಯ ಸಂಪುಟ, ಅಮ್ಮನಿಂದ ಬಂದ ಒಂದನೆಯ ಸಂಪುಟದ ಮಗ್ಗುಲಲ್ಲಿ ಮಲಗುತ್ತದೆ. ಅವು ಪರಸ್ಪರ ಕೆಲವು ಹಾಳೆಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆಮೇಲೆ ಜೋಡಿ ಜೋಡಿಯಾಗಿಯೇ ನಡುವೆ ನಿಂತು, ಒಂದು ಸಂಪುಟ ಒಂದು ಕಡೆಗೆ, ಅದರ ಜೊತೆಗಾರ ಇನ್ನೊಂದು ಕಡೆಗೆ ಹೋಗುತ್ತದೆ. ಯಾವುದು ಯಾವ ಕಡೆಗೆ ಎಂಬುದು ಚೀಟಿ ಎತ್ತಿದ ಹಾಗೆ. 46 ಇದ್ದದ್ದು 23 ಆಯಿತು. ಎರಡನೆಯ ಸಲ ಒಡೆಯುವಾಗ ಮೈಟಾಸಿಸ್ಸಿನಂತೆ ಮೂಲವೂ ನಕಲೂ ಬೇರೆಯಾಗುತ್ತವೆ. ಒಂದು ಕೋಶದಿಂದ ನಾಲ್ಕು. ಗಂಡಸರಲ್ಲಿ ನಾಲ್ಕೂ ವೀರ್ಯಾಣುಗಳಾಗುತ್ತವೆ. ಹೆಂಗಸರಲ್ಲಿ ಒಂದು ಮಾತ್ರ ದೊಡ್ಡ ಅಂಡಾಣುವಾಗಿ, ಉಳಿದವು ಸಣ್ಣದಾಗಿಯೇ ಬಾಡಿಹೋಗುತ್ತವೆ.

23 ಜೋಡಿಗಳಿಂದ ಒಂದೊಂದನ್ನು ಆರಿಸುವುದಾದರೆ ಎಷ್ಟು ಬಗೆಯಲ್ಲಿ ಆರಿಸಬಹುದು? ಸುಮಾರು 84 ಲಕ್ಷ. ತಾಯಿಯಲ್ಲಿ 84 ಲಕ್ಷ, ತಂದೆಯಲ್ಲಿ 84 ಲಕ್ಷ. ಒಂದನ್ನೊಂದು ಗುಣಿಸಿದರೆ 70 ಲಕ್ಷ ಕೋಟಿ. ಹಾಳೆಗಳ ಅದಲುಬದಲು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ಒಂದೇ ತಾಯಿಯ ಮಕ್ಕಳು ಒಬ್ಬರಂತೆ ಒಬ್ಬರಿಲ್ಲದಿರುವುದು ಇದಕ್ಕೇ. ಪ್ರತಿಯೊಬ್ಬರನ್ನೂ ದೇವರು ಹೆಸರು ಹಿಡಿದು ಕರೆಯುತ್ತಾರೆ ಎಂದು ನಾವು ಪ್ರಸಂಗ ಮಾಡುತ್ತೇವೆ. ಮಿಯಾಸಿಸ್ ಪಾಠ ಓದಿದ ಮೇಲೆ ಆ ಮಾತನ್ನು ಇನ್ನಷ್ಟು ನಂಬಿಕೆಯಿಂದ ಹೇಳಬಹುದು ಎನಿಸಿತು.

ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಇಷ್ಟು ನೆನಪಿರಲಿ:

1. ಮೈಟಾಸಿಸ್ ದೇಹದ ಕೋಶಗಳಲ್ಲಿ. ಮಿಯಾಸಿಸ್ ಅಂಡಾಣು, ವೀರ್ಯಾಣುಗಳನ್ನು ಕೊಡುವ ಕೋಶಗಳಲ್ಲಿ.
2. ಮೈಟಾಸಿಸ್‌ನಲ್ಲಿ ಒಂದು ವಿಭಜನೆ, ಎರಡು ಕೋಶ. ಮಿಯಾಸಿಸ್‌ನಲ್ಲಿ ಎರಡು ವಿಭಜನೆ, ನಾಲ್ಕು ಕೋಶ.
3. ಮೈಟಾಸಿಸ್‌ನಲ್ಲಿ 46 ಇದ್ದದ್ದು 46. ಮಿಯಾಸಿಸ್‌ನಲ್ಲಿ 46 ಇದ್ದದ್ದು 23.
4. ಜೋಡಿಗಳು ಕೂಡಿ ಹಾಳೆ ಬದಲಿಸಿಕೊಳ್ಳುವುದು ಮಿಯಾಸಿಸ್ಸಿನ ನಿಯಮ, ಮೈಟಾಸಿಸ್‌ನಲ್ಲಿ ಅದಿಲ್ಲ.
5. ಮೈಟಾಸಿಸ್‌ನಿಂದ ಒಂದೇ ತೆರನಾದ ಕೋಶಗಳು. ಮಿಯಾಸಿಸ್‌ನಿಂದ ಒಂದಕ್ಕಿಂತ ಒಂದು ಬೇರೆ.

ಇನ್ನೊಂದು ಸಂಗತಿ. ವಿಜ್ಞಾನಕ್ಕೂ ಧರ್ಮಸಭೆಗೂ ದೂರ ಎನ್ನುವವರು ಈ ಪಾಠದ ಹಿಂದೆ ಎಷ್ಟು ಜನ ಗುರುಗಳಿದ್ದಾರೆಂದು ನೋಡಬೇಕು. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂಬ ಲೆಕ್ಕವನ್ನು ಬಟಾಣಿ ಗಿಡಗಳನ್ನು ಎಣಿಸಿ ಎಣಿಸಿ ಕಂಡುಹಿಡಿದು 1866ರಲ್ಲಿ ಪ್ರಕಟಿಸಿದವರು ಅಗಸ್ತೀನ್ ಸಭೆಯ ಗ್ರೆಗೊರ್ ಮೆಂಡೆಲ್. ಹಾಳೆಗಳ ಅದಲುಬದಲನ್ನು 1909ರಲ್ಲಿ ವಿವರಿಸಿದವರು ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾನಿಲಯದ ಗುರು ಫ್ರಾನ್ಸ್ ಅಲ್ಫೋನ್ಸ್ ಯಾನ್ಸೆನ್ಸ್. ಕೋಶಗಳನ್ನು ಕೆಡದಂತೆ ಹಿಡಿದಿಡಲು ಪ್ರಯೋಗಾಲಯಗಳಲ್ಲಿ ಬಳಸುವ ‘ಕಾರ್ನಾಯ್ ದ್ರಾವಣ’ಕ್ಕೆ ಆ ಹೆಸರು ಬಂದದ್ದು ಅದೇ ಲುವೆನ್‌ನ ಇನ್ನೊಬ್ಬ ಗುರು, ಜಾನ್ ಬಾಪ್ತಿಸ್ತ್ ಕಾರ್ನಾಯ್ ಅವರಿಂದ.

ಎಡವಿದ್ದು ಎಲ್ಲಿ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ.

ಅರೆವಿಭಜನೆಯಲ್ಲಿ ಜೋಡಿಗಳು ಬೇರೆಯಾಗಬೇಕು ಎಂದೆನಷ್ಟೆ. ಕೆಲವೊಮ್ಮೆ ಒಂದು ಜೋಡಿ ಬೇರೆಯಾಗದೆ, ಎರಡೂ ಒಂದೇ ಕಡೆಗೆ ಹೋಗಿಬಿಡುತ್ತವೆ. ಆಗ ಅಂಡಾಣುವಿನಲ್ಲಿ 23ರ ಬದಲು 24. ತಂದೆಯ 23 ಕೂಡಿದಾಗ 47. ಹೆಚ್ಚಾದದ್ದು 21ನೆಯ ಸಂಪುಟವಾದರೆ ಅದೇ ಡೌನ್ ಸಿಂಡ್ರೋಮ್. 21ನೆಯದು ಎಲ್ಲಕ್ಕಿಂತ ಚಿಕ್ಕ ಪುಸ್ತಕ. ಅದಕ್ಕೇ ಅದು ಒಂದು ಹೆಚ್ಚಾದರೂ ಮಗು ಹುಟ್ಟಿ ಬೆಳೆಯಬಲ್ಲದು. ದೊಡ್ಡ ಸಂಪುಟಗಳು ಹೆಚ್ಚು ಕಡಿಮೆಯಾದರೆ ಹೆಚ್ಚಾಗಿ ಗರ್ಭ ನಿಲ್ಲುವುದೇ ಇಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಇಂಥ ಲೆಕ್ಕ ತಪ್ಪಿದ್ದೇ ಕಾರಣ. ‘ಭಾರ ಎತ್ತಿದ್ದರಿಂದ ಹೋಯಿತು’ ಎಂದು ವರ್ಷಗಟ್ಟಲೆ ತಮ್ಮನ್ನೇ ಹಳಿದುಕೊಳ್ಳುವ ತಾಯಂದಿರು ನಮ್ಮಲ್ಲಿದ್ದಾರೆ. ಅವರೂ ಇದನ್ನು ಓದಲಿ.

ಮುಂದಿನದನ್ನು ಗಮನಿಸಿ. ಎಡವಿದ್ದು ಅರೆವಿಭಜನೆಯಲ್ಲಿ, ಅದೂ ಒಂದೇ ಸಲ. ಆಮೇಲೆ ಮಗು ಬೆಳೆಯುವುದು ಸಮವಿಭಜನೆಯಿಂದ. ಅದು ನಿಷ್ಠಾವಂತ ನಕಲುಗಾರ. ಸಿಕ್ಕಿದ 47ನ್ನೂ ಹಾಗೆಯೇ ನಕಲು ಮಾಡಿ, ಹೃದಯದ ಕೋಶಕ್ಕೂ ಚರ್ಮದ ಕೋಶಕ್ಕೂ ಮಿದುಳಿನ ಕೋಶಕ್ಕೂ ಕೊಡುತ್ತದೆ. ಹಾಗಾಗಿ ಮಗುವಿನ ಮೈಯೆಲ್ಲ 47. ಬಸುರಿನ ನಾಲ್ಕನೆಯ ತಿಂಗಳಲ್ಲೋ ಏಳನೆಯ ತಿಂಗಳಲ್ಲೋ ತಾಯಿ ಏನು ತಿಂದರೂ, ಎಲ್ಲಿ ಹೋದರೂ, ಯಾರೊಡನೆ ಜಗಳವಾಡಿದರೂ ಮೈಯ ಎಲ್ಲ ಕೋಶಗಳಲ್ಲೂ ಒಂದೊಂದು ಪುಸ್ತಕ ಹೆಚ್ಚಾಗಲು ದಾರಿಯೇ ಇಲ್ಲ. ಗ್ರಹಣದ ದಿನ ಮೀನು ಕೊಯ್ದಾಗ ಆ ಮಗುವಿನಲ್ಲಿ ಆಗಲೇ 47 ಇತ್ತು.

ನೂರಕ್ಕೆ ಒಂದೆರಡು ಮಕ್ಕಳಲ್ಲಿ ಮಾತ್ರ ಕೆಲವು ಕೋಶಗಳಲ್ಲಿ 46, ಕೆಲವು ಕೋಶಗಳಲ್ಲಿ 47 ಇರುತ್ತವೆ. ಅಲ್ಲಿ ಗರ್ಭ ಕಟ್ಟಿದ ನಂತರದ ಮೊದಲ ದಿನಗಳ ಸಮವಿಭಜನೆಯ ಪಾತ್ರವಿದೆ. ಮಗುವಿನ ರಕ್ತಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ.

ಎಂಡೋಸಲ್ಫಾನ್ ಮಾತನ್ನೂ ಆಡಲೇಬೇಕು. ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ವಿಷ ಸುರಿದ ನಾಡು ನಮ್ಮದು. ಕಾಯಿಲೆ ಎಂದೊಡನೆ ಆ ಸಂಶಯ ಬರುವುದು ಸಹಜ. ಆ ಸಂತ್ರಸ್ತರಿಗೆ ಸಿಗಬೇಕಾದ ನ್ಯಾಯ ಸಿಗಲೇಬೇಕು. ಆದರೆ 21ನೆಯ ಸಂಪುಟ ಹೆಚ್ಚಾಗುವುದು ಜಗತ್ತಿನ ಎಲ್ಲ ದೇಶ, ಎಲ್ಲ ಜನಾಂಗಗಳಲ್ಲೂ ಇದೆ. ಏಳುನೂರರಿಂದ ಸಾವಿರ ಹೆರಿಗೆಗಳಿಗೆ ಒಂದರಂತೆ. ಆ ವಿಷ ಬೀಳದ ಊರುಗಳಲ್ಲೂ ಇದೆ. ಈ ಮಗುವಿನ ವಿಷಯಕ್ಕೆ ಆ ಕಾರಣ ಹುಡುಕಬೇಕಾಗಿಲ್ಲ.

ಚಾವಡಿಯಲ್ಲಿ ಅಜ್ಜಿ

ಇಷ್ಟನ್ನು ಕಟ್ಟಿಕೊಂಡು ಮತ್ತೆ ಆ ಮನೆಗೆ ಹೋದೆ. ಹುಡುಗಿಗೆ ಪುಸ್ತಕ ವಾಪಸು ಕೊಟ್ಟು, ಚಾವಡಿಯಲ್ಲಿ ಎಲ್ಲರ ಎದುರೇ ಪಾಠ ಹೇಳಿದೆ. ಮಗುವಿನ ಅಜ್ಜಿ ಅಡಕೆ ಸುಲಿಯುತ್ತಾ ಕೇಳುತ್ತಿದ್ದರು. ವರ್ಣತಂತು, ಅಂಡಾಣು ಎಂದರೆ ಅವರಿಗೆ ಏನು ಅರ್ಥವಾಗಬೇಕು? ಹಾಗಾಗಿ ಅವರಿಗೆ ತಿಳಿದದ್ದನ್ನೇ ಕೇಳಿದೆ.

“ಅಜ್ಜಿ, ಪಣಿಯೂರು ಮೆಣಸಿನ ಬಳ್ಳಿ ತುಂಡು ಮಾಡಿ ನೆಟ್ರೆ ಎಂಥ ಬಳ್ಳಿ ಬರ್ತದೆ?”

“ಪಣಿಯೂರೇ ಬರ್ತದೆ. ಮತ್ತೆಂತ ಬರುವುದು?”

“ಒಂದೇ ಮರದಿಂದ ಹತ್ತು ಬೀಜದ ತೆಂಗಿನಕಾಯಿ ಇಟ್ರೆ?”

“ಹತ್ತೂ ಹತ್ತು ತರ ಬರ್ತದೆ ಫಾದರ್. ಒಂದು ಬೇಗ ಫಲ ಕೊಡ್ತದೆ, ಇನ್ನೊಂದು ಎಷ್ಟು ನೀರು ಹಾಕಿದ್ರೂ ಇಲ್ಲ.”

ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಬಳ್ಳಿಯ ತುಂಡು ಬೆಳೆಯುವುದು ಸಮವಿಭಜನೆಯಿಂದ. ತಾಯಿಬಳ್ಳಿಯ ನಕಲು ಅದು. ತೆಂಗಿನ ಬೀಜವಾಗುವುದು ಅರೆವಿಭಜನೆಯ ಮೂಲಕ; ಪ್ರತಿ ಬೀಜವೂ ಹೊಸದು. ಪಣಿಯೂರು ಒಂದು ತಳಿ ಹುಟ್ಟಿದ್ದೂ ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಸಂಶೋಧನಾ ಕೇಂದ್ರದಲ್ಲಿ, ಎರಡು ಬೇರೆ ಬಳ್ಳಿಗಳನ್ನು ಕೂಡಿಸಿದ ಬೀಜದಿಂದ. ಅಂದರೆ ಮಿಯಾಸಿಸ್‌ನಿಂದ ಹುಟ್ಟಿ, ಮೈಟಾಸಿಸ್‌ನಿಂದ ಊರೆಲ್ಲ ಹಬ್ಬಿದ ಬಳ್ಳಿ. “ಎಷ್ಟು ಆರೈಕೆ ಮಾಡಿದ್ರೂ ಒಂದೊಂದು ಬೀಜ ಬೇರೆ ತರ ಬರ್ತದಲ್ಲ ಅಜ್ಜಿ, ಆಗ ತಾಯಿಮರಕ್ಕೆ ಬಯ್ತೀರಾ?” ಎಂದೆ.

ಅಜ್ಜಿ ಸುಲಭಕ್ಕೆ ಬಿಡುವವರಲ್ಲ. “ಅಂಡದಲ್ಲಿ ಎಡವಿದ್ದು ಅಂತ ನೀವೇ ಹೇಳಿದ್ರಿ. ಅಂಡ ಹೆಂಗಸಿನದ್ದೇ ಅಲ್ವಾ?” ಎಂದು ಕೇಳಿಯೇಬಿಟ್ಟರು. ಸೊಸೆ ತಲೆ ತಗ್ಗಿಸಿದರು. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು ಎನಿಸಿತು.

ನಿಜ, ಹತ್ತರಲ್ಲಿ ಒಂಬತ್ತು ಸಲ ಎಡವುವುದು ಅಂಡಾಣುವಿನಲ್ಲಿ. ಸುಮಾರು ಹತ್ತರಲ್ಲಿ ಒಂದು ಸಲ ತಂದೆಯ ಕಡೆಯಿಂದ. ಏಕೆ? ಗಂಡಸರಲ್ಲಿ ಅರೆವಿಭಜನೆ ಪ್ರಾಯಕ್ಕೆ ಬಂದ ಮೇಲೆ ಆರಂಭವಾಗಿ, ಕೆಲವು ವಾರಗಳಲ್ಲಿ ಮುಗಿದು, ಹೊಸ ಹೊಸದಾಗಿ ನಡೆಯುತ್ತಲೇ ಇರುತ್ತದೆ. ಹೆಣ್ಣಿನಲ್ಲಿ ಹಾಗಲ್ಲ. ಹೆಣ್ಣುಮಗು ತನ್ನ ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಅವಳ ಅಂಡಾಣುಗಳ ಅರೆವಿಭಜನೆ ಶುರುವಾಗುತ್ತದೆ. ಜೋಡಿಗಳು ಮಗ್ಗುಲಲ್ಲಿ ಮಲಗಿ ಹಾಳೆ ಬದಲಿಸಿಕೊಂಡ ಮೇಲೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹದಿನೈದು, ಇಪ್ಪತ್ತೈದು, ನಲವತ್ತು ವರ್ಷ ಹಾಗೆಯೇ ಕಾಯುತ್ತದೆ. ಅಂಡಾಣು ಹೊರಬೀಳುವ ಹೊತ್ತಿಗೆ ಮೊದಲ ವಿಭಜನೆ, ವೀರ್ಯಾಣು ಸೇರಿದ ಮೇಲೆಯೇ ಎರಡನೆಯದು ಪೂರ್ತಿ. ಈ ದೀರ್ಘ ಕಾಯುವಿಕೆಯಲ್ಲಿ ಸಂಪುಟಗಳನ್ನು ಹಿಡಿದಿಡುವ ಅಂಟು ಸವೆಯುತ್ತದೆ. ಅದಕ್ಕೇ ತಾಯಿಯ ವಯಸ್ಸು ಹೆಚ್ಚಿದಂತೆ ಎಡವುವ ಸಾಧ್ಯತೆಯೂ ಹೆಚ್ಚು: 35ಕ್ಕೆ ಸುಮಾರು 350ರಲ್ಲಿ ಒಂದು, 40ಕ್ಕೆ ಸುಮಾರು ನೂರರಲ್ಲಿ ಒಂದು. ಆದರೆ ಇಪ್ಪತ್ತಾರರ ತಾಯಿಗೂ ಆಗುವುದುಂಟು.

“ಅಂದ್ರೆ ಅವಳ ತವರಿನಲ್ಲೇ ಶುರು ಆದದ್ದು!” ಎಂದರು ಅಜ್ಜಿ. ನಾವೆಲ್ಲ ನಕ್ಕೆವು; ಸೊಸೆಯೂ ನಕ್ಕರು.

“ಶುರು ಎಲ್ಲರದ್ದೂ ತವರಿನಲ್ಲೇ ಅಜ್ಜಿ,” ಎಂದೆ. “ನಿಮ್ಮ ಮಗ ಹುಟ್ಟಿದ ಅಂಡಾಣುವಿನ ಕೆಲಸ ನೀವು ನಿಮ್ಮ ಅಮ್ಮನ ಹೊಟ್ಟೆಯಲ್ಲಿ ಇದ್ದಾಗ ಶುರು ಆದದ್ದು. ನಿಮಗೆ ಸರಿಯಾಗಿ ಬೇರೆಯಾಯ್ತು. ಅದು ನಿಮ್ಮ ಪುಣ್ಯದಿಂದ ಅಲ್ಲ. ಇವರಿಗೆ ಬೇರೆಯಾಗ್ಲಿಲ್ಲ. ಅದು ಇವರ ಪಾಪದಿಂದ ಅಲ್ಲ.”

ಅಜ್ಜಿ ಮತ್ತೆ ಮಾತನಾಡಲಿಲ್ಲ. ಅಡಕೆ ಸುಲಿಯುವ ಕೈಯೂ ಸ್ವಲ್ಪ ಹೊತ್ತು ನಿಂತಿತ್ತು.

ಯಾರ ಪಾಪ?

ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಯೇಸುಸ್ವಾಮಿಯನ್ನು ಇದೇ ಪ್ರಶ್ನೆ ಕೇಳಿದರು: ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ? ಇಬ್ಬರೂ ಅಲ್ಲ ಎಂದರು ಯೇಸು; ದೇವರ ಕಾರ್ಯ ಇವನಲ್ಲಿ ಬೆಳಕಿಗೆ ಬರಬೇಕಾಗಿದೆ ಎಂದರು. ಎರಡು ಸಾವಿರ ವರ್ಷಗಳಿಂದ ಈ ವಾಕ್ಯವನ್ನು ಪೀಠದಿಂದ ಓದುತ್ತಿದ್ದೇವೆ. ಆದರೂ ಮನೆಯಲ್ಲಿ ಒಂದು ಮಗು ಬೇರೆ ತರ ಹುಟ್ಟಿದರೆ ಶಿಷ್ಯರ ಪ್ರಶ್ನೆಯನ್ನೇ ಮತ್ತೆ ಕೇಳುತ್ತೇವೆ.

ಯೇಸುವಿನ ಉತ್ತರವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟವರಲ್ಲಿ ಒಬ್ಬರು ಪ್ಯಾರಿಸ್‌ನ ಕಥೋಲಿಕ ವೈದ್ಯ ಜೆರೋಮ್ ಲೆಜ್ಯೂನ್. ಅವರ ಕಾಲದಲ್ಲೂ ಇಂಥ ಮಕ್ಕಳ ಹೆತ್ತವರ ನಡತೆಯನ್ನೇ ಅನುಮಾನಿಸುವವರಿದ್ದರು. ಲೆಜ್ಯೂನ್, ಮಾರ್ತ್ ಗೋತಿಯೆ, ರೇಮೋಂ ತ್ಯುರ್ಪೆ ಎಂಬ ಮೂವರು 1959ರಲ್ಲಿ ಈ ಮಕ್ಕಳಲ್ಲಿ 47 ವರ್ಣತಂತುಗಳಿರುವುದನ್ನು ಪ್ರಕಟಿಸಿದರು. ಕೋಶಗಳನ್ನು ಬೆಳೆಸುವ ಕಷ್ಟದ ಕೆಲಸವನ್ನು ಪ್ರಯೋಗಾಲಯದಲ್ಲಿ ಸಾಧಿಸಿದವರು ಗೋತಿಯೆ ಎಂಬ ಮಹಿಳೆ. ಅವರ ಹೆಸರು ಬಹುಕಾಲ ಮರೆಯಲ್ಲಿ ಉಳಿಯಿತು. ಹೆತ್ತವರ ಮೇಲಿನ ಕಳಂಕ ತೊಳೆದ ಈ ಶೋಧವನ್ನೇ, ಮುಂದೆ ಇಂಥ ಮಕ್ಕಳನ್ನು ಗರ್ಭದಲ್ಲೇ ಇಲ್ಲವಾಗಿಸಲು ಬಳಸತೊಡಗಿದಾಗ ಲೆಜ್ಯೂನ್ ಅದನ್ನು ಎದುರಿಸಿ ನಿಂತರು. ಅವರು 1994ರ ಈಸ್ಟರ್ ದಿನ ತೀರಿಕೊಂಡರು. ಪೋಪ್ ಫ್ರಾನ್ಸಿಸರು 2021ರ ಜನವರಿಯಲ್ಲಿ ಅವರನ್ನು ‘ಪೂಜ್ಯ’ರೆಂದು ಘೋಷಿಸಿದರು, ಸಂತ ಪದವಿಯ ದಾರಿಯಲ್ಲಿ ಅದೊಂದು ಮೆಟ್ಟಿಲು. 21ನೆಯ ಸಂಪುಟ ಮೂರಾಗಿರುವ ನೆನಪಿಗೆ ಮೂರನೆಯ ತಿಂಗಳ 21, ಅಂದರೆ ಮಾರ್ಚ್ 21, ವಿಶ್ವ ಡೌನ್ ಸಿಂಡ್ರೋಮ್ ದಿನ.

ಇಂಥ ಮಗುವಿರುವ ಮನೆಯವರಿಗೆ ಸಿಸ್ಟರ್ ಹೇಳಿದ ಕೆಲವು ಮಾತುಗಳನ್ನು ದಾಟಿಸುತ್ತೇನೆ. ಈ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಆದ್ದರಿಂದ ಹುಟ್ಟಿದ ಕೂಡಲೇ ಹೃದಯದ ಎಕೋ ಪರೀಕ್ಷೆ ಮಾಡಿಸಿ, ಹೆಚ್ಚಿನವನ್ನು ಸರಿಪಡಿಸಬಹುದು. ಥೈರಾಯ್ಡ್, ಕಿವಿ, ಕಣ್ಣು ಆಗಾಗ ನೋಡಿಸಿ. ವರ್ಣತಂತುಗಳ ರಕ್ತಪರೀಕ್ಷೆ ತಪ್ಪಿಸಬೇಡಿ. ನೂರಕ್ಕೆ ಮೂರು ನಾಲ್ಕು ಮಕ್ಕಳಲ್ಲಿ ಹೆಚ್ಚಿನ 21ನೆಯ ಸಂಪುಟ ಬೇರೊಂದು ಸಂಪುಟಕ್ಕೆ ಅಂಟಿಕೊಂಡಿರುತ್ತದೆ. ಅದು ಕೆಲವು ಕುಟುಂಬಗಳಲ್ಲಿ ತಂದೆ ಅಥವಾ ತಾಯಿಯಿಂದ ಬಂದಿರಬಹುದು. ಹಾಗಿದ್ದರೆ ಮುಂದಿನ ಮಗುವಿನ ವಿಷಯದಲ್ಲಿ ವೈದ್ಯರ ಸಲಹೆ ಬೇಕು. ಇದೂ ಕೂಡ ಯಾರ ತಪ್ಪೂ ಅಲ್ಲ. ವ್ಯಾಯಾಮ, ಮಾತಿನ ತರಬೇತಿ ಎಳವೆಯಲ್ಲೇ ಆರಂಭವಾಗಲಿ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಇಂಥವರ ಸರಾಸರಿ ಆಯುಸ್ಸು ಸುಮಾರು 25 ವರ್ಷ. ಒಳ್ಳೆಯ ಆರೈಕೆಯಿಂದ ಈಗ ಸುಮಾರು 60. ಪುಸ್ತಕ ಒಂದು ಹೆಚ್ಚಾದದ್ದನ್ನು ಬದಲಿಸಲಾಗದು. ಆದರೆ ಆ ಮಗುವಿನ ಬಾಳು ಹೇಗಿರಬೇಕು ಎಂಬುದು ಬಹುಪಾಲು ನಮ್ಮ ಕೈಯಲ್ಲೇ ಇದೆ.

ಧರ್ಮಕೇಂದ್ರದವರಿಗೂ ಒಂದು ಮಾತು. ಇಂಥ ಮಗುವಿಗೆ ಪರಮಪ್ರಸಾದ ಏಕೆ, ಅರ್ಥವಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಸಾದಾ ರೊಟ್ಟಿಗೂ ಯೇಸುವಿಗೂ ಇರುವ ವ್ಯತ್ಯಾಸವನ್ನು ತನ್ನದೇ ರೀತಿಯಲ್ಲಿ ತಿಳಿದ ಮಗುವಿಗೆ ಪ್ರಥಮ ಪರಮಪ್ರಸಾದ ತಪ್ಪಬಾರದು. ಪೂಜೆಯ ನಡುವೆ ಅದು ಜೋರಾಗಿ ಹಾಡಿದರೆ ತಿರುಗಿ ನೋಡಬೇಡಿ. ತಾಯಿಯನ್ನು ಕಂಡಾಗ ‘ಅಯ್ಯೋ ಪಾಪ’ ಎನ್ನಬೇಡಿ. ಮಗುವಿನ ಹೆಸರು ಕೇಳಿ.

ಎರಡು ವಾರಗಳ ನಂತರದ ಭಾನುವಾರ ಪರಮಪ್ರಸಾದ ಕೊಡುತ್ತಿದ್ದೆ. ಸಾಲಿನಲ್ಲಿ ಅಜ್ಜಿ ಬಂದರು. ಮಗು ಅವರ ಸೊಂಟದಲ್ಲಿತ್ತು, ಸೊಸೆ ಅವರ ಮುಂದೆ. ಮೂವರೂ ಹೋಗಿ ಕುಳಿತದ್ದು ಎರಡನೆಯ ಬೆಂಚಿನಲ್ಲಿ. ಅಜ್ಜಿಗೆ ಮಿಯಾಸಿಸ್ ಎಷ್ಟು ಅರ್ಥವಾಗಿದೆಯೋ ನಾನು ಕೇಳಲಿಲ್ಲ. ಹುಡುಗಿಗೆ ಆ ಪ್ರಶ್ನೆಗೆ ಪೂರ್ತಿ ಅಂಕ ಸಿಕ್ಕಿತೆಂದು ಆಮೇಲೆ ತಿಳಿಯಿತು.

ಈ ತಿಂಗಳು ಮನೆಯಲ್ಲಿ ಜಪಸರ ಮುಗಿದ ಮೇಲೆ ಇದನ್ನು ಮಾತನಾಡಿಕೊಳ್ಳಿ: ನಮ್ಮ ಬಾಯಿಂದ ಬಂದ ಯಾವ ಮಾತು ಯಾವ ತಾಯಿಯನ್ನು ಕೊನೆಯ ಬೆಂಚಿಗೆ ಕಳಿಸಿದೆ? ಅವರನ್ನು ಕರೆತರಲು ಯಾರು ಹೋಗುತ್ತೀರಿ?

ದೇವರು ನಿಮ್ಮ ಮನೆಯ ಪ್ರತಿಯೊಂದು ಮಗುವನ್ನೂ ಆಶೀರ್ವದಿಸಲಿ.